ಛಾವಣಿಯ ಸಿಂಹ, ಮಸ್ಕಿಯ ನರಿ

ನಾನು ಬಣ್ಣ ಹಚ್ಚಿ ಬಿಟ್ಟ ಹುಲಿಯನ್ನು ಕಂಡು ಮಸ್ಕಿಯ ಬಜಾರದಲ್ಲಿ ನಾಯಿಗಳು ಬಾಲ ಮುದುರಿಕೊಂಡು ಓಡಿದ್ದುಂಟು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ ಎಂದೇ ಇಟ್ಟುಕೊಳ್ಳಿ. ಮೊಹರಂ ಬಂತೆಂದರೆ ನಮ್ಮ ಕಡೆ ಹಿಂದೂ ಮುಸಲ್ಮಾನ ಎನ್ನದೆ ಹರಕೆ ಹೊತ್ತವರು ಹುಲಿಯ ಸೋಗು ಹಾಕುತ್ತಾರೆ. ಅವರ ಮೈಗೆ ಹಳದಿ ಬಳಿದು, ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯಿಂದ ಪಟ್ಟೆ ಎಳೆಯುವುದು ನನ್ನ ಕೆಲಸ. ಪಟ್ಟೆ ಪಕ್ಕೆಲುಬಿನ ಜೊತೆ ಹೋಗಬೇಕು, ಆಗ ಮನುಷ್ಯ ಉಸಿರಾಡಿದರೆ ಹುಲಿ ಉಸಿರಾಡುತ್ತದೆ. ಹರಕೆಯ ಹುಲಿ ಯಾರ ಬಾಗಿಲ ಮುಂದೆ ನಿಂತು ಬೇಡಿದರೂ ಇಲ್ಲ ಎನ್ನುವಂತಿರಲಿಲ್ಲ. ಜೋಳವೋ ಬೆಲ್ಲವೋ, ಹುಲಿ ಕೇಳಿದ್ದನ್ನು ಹುಲಿಗೆ ಕೊಡಬೇಕು.

ಉಳಿದ ದಿನಗಳಲ್ಲಿ ಬಾಗಿಲು, ಬಂಡಿ, ತೊಟ್ಟಿಲು, ಬಣ್ಣ ಬೇಡುವ ಯಾವುದಾದರೂ ಸರಿ. ನಿಜಾಮನ ಉರ್ದು ಶಾಲೆಯಲ್ಲಿ ನಾಲ್ಕು ಸಾಲು ಓದಲು ಬರುವಷ್ಟರಲ್ಲಿ ಅಪ್ಪ ತೀರಿಕೊಂಡ. ಪಾಟಿ ಇಟ್ಟು ಕುಂಚ ಹಿಡಿದೆ. ಅದಕ್ಕೆ ನಾನು ಯಾವತ್ತೂ ಅತ್ತಿಲ್ಲ. ಕುಂಚದಿಂದಲೇ ಅಪ್ಪನ ಎರೆಹೊಲ ಉಳಿಸಿಕೊಂಡೆ, ಕುಂಚದಿಂದಲೇ ಒಂದು ಜೋಡಿ ಎತ್ತು ಕಟ್ಟಿದೆ. ಒಂದು ಕೆಂದ, ಒಂದು ಬಿಳಿಯ. ಕೆಂದ ನೊಗದ ಎಡಕ್ಕೆ, ಬಿಳಿಯ ಬಲಕ್ಕೆ. ಹೋರಿಗರುಗಳಾಗಿದ್ದಾಗಿನಿಂದ ಹಾಗೇ ಪಳಗಿಸಿದ್ದು. ಅದಲು ಬದಲು ಮಾಡಿದರೆ ಎರಡೂ ಕೊರಳು ಕೊಡುತ್ತಿರಲಿಲ್ಲ, ನನ್ನ ಹಾಗೆಯೇ.

ಆ ವರ್ಷ ಬೇಸಿಗೆಯಲ್ಲಿ ಕೆಂದ ನನ್ನ ಕೈ ಬಿಟ್ಟುಹೋಯಿತು. ಹೊಲ, ಬೆಳೆ ನೋಡಲು ಊರೂರು ತಿರುಗುವ ಸರ್ಕಾರಿ ಅಧಿಕಾರಿಗೆ ಗಿರ್ದಾವರ ಎನ್ನುತ್ತಿದ್ದೆವು. ಅವನ ದೌರೆಯ, ಅಂದರೆ ತಿರುಗಾಟದ, ಬಂಡಿಯ ಒಂದು ಎತ್ತು ಕುಂಟಿತೆಂದು ಚಪರಾಸಿ ನಮ್ಮ ಕೊಟ್ಟಿಗೆಯಿಂದ ಕೆಂದನನ್ನು ಬಿಚ್ಚಿಕೊಂಡು ಹೋದ. ಬಿಟ್ಟಿ ಕೆಲಸವೆಂದರೆ ಯಾರೂ ಎದುರಾಡದ ಕಾಲ. ಸಿಂಧನೂರಿಗೆ ಹೋಗಿ ಬಂದು ಬಿಡುತ್ತೇವೆ ಅಂದಿದ್ದರು. ಸಿಂಧನೂರಿಗೆ ಹೋಗಿ ಬಂದರು, ಎತ್ತು ಮಾತ್ರ ಚಾವಡಿಯ ಹಿಂದೆಯೇ ಉಳಿಯಿತು. ಊರವರು ಕೇಳಿದರೆ ಚಪರಾಸಿ ಅದು ಇನ್ನೂ ಸಿಂಧನೂರಿನಲ್ಲಿದೆ ಎನ್ನುತ್ತಿದ್ದ. ಕೇಳಲು ಹೋದರೆ ಗಿರ್ದಾವರ ಅಡಿಕೆ ಜಗಿಯುತ್ತ ನಗುತ್ತಿದ್ದ.

“ಸಾಹೇಬ್ರ, ಮುಂಗಾರಿ ಬಾಗಿಲಿಗೆ ಬಂದೈತ್ರಿ. ಕಾರ ಹುಣ್ಣಿಮಿಗೆ ಜೋಡಿ ಮನ್ಯಾಗ ಇರಬೇಕ್ರಿ. ನಮ್ಮ ಕೆಂದನ್ನ ಬಿಡ್ರಿ.”

“ಅರೇ, ನಿನ್ನ ಎತ್ತು ನಾ ತಿಂತೀನೇನು? ಸರ್ಕಾರಿ ಕಾಮ್ ಐತಿ. ಸಬೂರ್ ಇರ್ಲಿ. ನಾಳೆ ಬಾ.”

ನಾಳೆ ಹೋದರೆ ಮತ್ತೆ ನಾಳೆ. ಕಾರ ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಆಮೇಲೆ ಬಿತ್ತನೆಗೆ ಕೂರಿಗೆ ಹೂಡುವುದು ನಮ್ಮ ಪದ್ಧತಿ. ಊರ ಎತ್ತುಗಳ ಕೋಡಿಗೆಲ್ಲ ಬಣ್ಣ ಹಚ್ಚುವವನ ಮನೆಯಲ್ಲೇ ಜೋಡಿ ಮುರಿದು ನಿಂತರೆ? ಒಂಟಿ ಎತ್ತಿನಿಂದ ಎರೆಮಣ್ಣು ಬಿತ್ತಲಾಗುವುದಿಲ್ಲ. ಬಿಳಿಯ ಮೇವು ಬಿಟ್ಟಿತ್ತು. ಸಂಜೆಯಾದರೆ ಎಡಕ್ಕೆ ಮುಖ ತಿರುಗಿಸಿ ಖಾಲಿ ಗೂಟವನ್ನು ಮೂಸುತ್ತಿತ್ತು. ಅದನ್ನು ನೋಡಲಾರದೆಯೇ ನಾನು ಲಿಂಗಸುಗೂರಿನ ಕೆಲಸ ಒಪ್ಪಿಕೊಂಡು ಹೋದದ್ದು.

ಲಿಂಗಸುಗೂರಿನಲ್ಲಿ ಹಿಂದೆ ಇಂಗ್ಲಿಷರ ದಂಡು ಇತ್ತು. ಆ ಭಾಗವನ್ನು ಜನ ಛಾವಣಿ ಎಂದೇ ಕರೆಯುತ್ತಿದ್ದರು. ದಂಡು ಎಂದೋ ಎದ್ದುಹೋಗಿತ್ತು, ಬಂಗಲೆಗಳು ಉಳಿದಿದ್ದವು. ಅದರಲ್ಲೊಂದನ್ನು ಸಾವಕಾರರೊಬ್ಬರು ಕೊಂಡು, ಬಾಗಿಲು ಕಿಟಕಿಗಳಿಗೆ ಹಸಿರು ಹಚ್ಚಲು ನನ್ನನ್ನು ಕರೆಸಿದ್ದರು. ಅಲ್ಲಿ ಕಾವಲಿಗಿದ್ದವನು ಮೊದಲು ಅದೇ ಬಂಗಲೆಯ ದೊರೆಗೆ ಬಟ್ಲರ್ ಆಗಿದ್ದ ಮುದುಕ. ದೊರೆ ಹೋಗುವಾಗ ಬಿಟ್ಟುಹೋದ ಸಾಮಾನುಗಳನ್ನು ಇನ್ನೂ ದಿನಾ ಒರೆಸುತ್ತಿದ್ದ. ಮೊದಲ ದಿನ ಊಟವಾದ ಮೇಲೆ ನನ್ನನ್ನು ಕರೆದ.

“ಕೈ ತೊಳಕೊಂಡು ಬಾ ತಮ್ಮಾ. ನೀ ಬಣ್ಣದವ ಅಂತೀದಿ. ಬಣ್ಣ ಇಲ್ಲದ ಸಿಂಹ ತೋರಸ್ತೀನಿ.”

ಒಳಕೋಣೆಯ ಗೋಡೆಗೆ ಗಾಜಿನ ಕಟ್ಟಿನಲ್ಲಿ ಚಿತ್ರಗಳು ತೂಗುತ್ತಿದ್ದವು. ಕಾಗದ ಕಂದಿ ಚಹಾದ ಬಣ್ಣಕ್ಕೆ ಬಂದಿತ್ತು. ದೊರೆಯ ಮುತ್ತಜ್ಜನ ಮುತ್ತಜ್ಜನ ಕಾಲದವಂತೆ. ತಾಮ್ರದ ತಗಡಿನ ಮೇಲೆ ಸೂಜಿಯಂಥ ಉಳಿಯಿಂದ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿದ್ದು. ನಾನು ಮೊದಲು ನೋಡಿದ್ದು ಗೆರೆಯನ್ನು. ಕೂದಲಿಗಿಂತ ಸಣ್ಣ ಗೆರೆ. ಗೆರೆಗಳು ಒತ್ತಿ ಕೂತಲ್ಲಿ ಕತ್ತಲು, ಸರಿದು ನಿಂತಲ್ಲಿ ಬೆಳಕು. ಅಷ್ಟೇ ಉಪಾಯ. ಆದರೆ ಆ ಸಿಂಹದ ಕೇಸರ ಗಾಳಿ ಬಂದರೆ ಅಲುಗೀತು ಎನ್ನುವ ಹಾಗಿತ್ತು. ಹಳದಿ ಇಲ್ಲದೆ, ಕೆಂಪು ಇಲ್ಲದೆ, ಯಾರೋ ಒಬ್ಬ ಕಡಲಾಚೆ ಕೂತು ಬರೀ ಮಸಿಯಿಂದ ಚಿನ್ನದ ಬಣ್ಣ ತೆಗೆದಿದ್ದ!

ಆಮೇಲೆ ಚಿತ್ರದೊಳಗೆ ಏನು ನಡೆದಿದೆ ಎಂದು ನೋಡಿದೆ. ನಡುವೆ ಒಂದು ಆಕಳು. ಹುಂಜದ ತಲೆಯ ಒಬ್ಬ ಕುಕ್ಕರುಗಾಲಲ್ಲಿ ಕೂತು ಹಾಲು ಹಿಂಡುತ್ತಿದ್ದ. ಕೋಟು ತೊಟ್ಟ ಕರಡಿಯೊಂದು ಆಕಳ ಕೋಡನ್ನು ಗರಗಸದಿಂದ ಕೊಯ್ಯುತ್ತಿತ್ತು. ಮಂಗ ಗಡಿಗೆ ಹಿಡಿದು ಸರದಿಗೆ ನಿಂತಿತ್ತು. ಇವರೆಲ್ಲರ ಮುಂದೆ, ತಲೆಯ ಮೇಲಿನ ಕಿರೀಟ ಕಿವಿಯ ಮೇಲೆ ಜಾರಿದ್ದರೂ ಎಚ್ಚರವಿಲ್ಲದೆ, ಸಿಂಹ ಮಲಗಿತ್ತು. ಅದರ ಕೇಸರದಲ್ಲಿ ಇಲಿಗಳು ಗೂಡು ಕಟ್ಟಿದ್ದವು.

“ಏನ್ರಿ ಅಜ್ಜಾರ ಇದು? ಪುರಾಣದ ಕತಿ ಏನು?”

“ಪುರಾಣ ಅಲ್ಲೋ, ರಾಜಕಾರಣ. ನಮ್ಮ ದೊರಿ ರಾತ್ರಿ ಊಟ ಆದಮ್ಯಾಗ ಬಂದ ಮಂದಿಗೆಲ್ಲ ಇದರ ಅರ್ಥ ಹೇಳ್ತಿದ್ದ. ತಾಟು ಹಿಡಕೊಂಡು ನಿಂತು ನಂಗೂ ಬಾಯಿಪಾಠ ಆಗೇತಿ. ಆಕಳ ಅಂದ್ರ ಅವರ ದೇಶದ ಸಂಪತ್ತು. ಹುಂಜ ಅಂದ್ರ ನೆರಿ ರಾಜ್ಯದವ, ಕರಡಿ ಅಂದ್ರ ಉತ್ತರದ ಹಿಮದ ಸೀಮಿಯವ. ಸಿಂಹ ಅಂದ್ರ ಅವರದ ರಾಜ.”

“ಬರದಾವ ಯಾವ ದೇಶದವ?”

“ಅವ ಸಿಂಹದ ದೇಶದವನ!”

ತಮ್ಮ ರಾಜನನ್ನೇ! ಕೇಸರದಲ್ಲಿ ಇಲಿ ಗೂಡು ಕಟ್ಟಿದ್ದೂ ತಿಳಿಯದವನ ಹಾಗೆ! ಇಂಥವನ್ನು ನೂರಾರು ಪ್ರತಿ ಒತ್ತಿ, ಅಂಗಡಿಯ ಕಿಟಕಿಯಲ್ಲಿ ಅಂಟಿಸಿ ಮಾರುತ್ತಿದ್ದರಂತೆ. ಓದು ಬಾರದ ಕೂಲಿಯವರೂ ಕಿಟಕಿಯ ಮುಂದೆ ಗುಂಪುಗೂಡಿ ನಕ್ಕು ಹೋಗುತ್ತಿದ್ದರಂತೆ. ಇನ್ನೊಂದು ಚಿತ್ರ ಅದಕ್ಕೂ ಹಳೆಯದು. ಅದರಲ್ಲಿ ನಿಲುವಂಗಿ ತೊಟ್ಟ ನರಿಯೊಂದು ಕಟ್ಟೆಯ ಮೇಲೆ ನಿಂತು ಬಾತುಗಳಿಗೆ ಉಪದೇಶ ಮಾಡುತ್ತಿತ್ತು, ಅದರ ಬಗಲ ಚೀಲದಿಂದ ಒಂದು ಬಾತಿನ ಕೊರಳು ಇಣುಕಿತ್ತು. ನರಿ ಎಂದರೆ ಜನರನ್ನು ನಂಬಿಸಿ ತಿನ್ನುವ ದೊಡ್ಡ ಮನುಷ್ಯನಂತೆ.

“ಇವರನ್ನ ಹಿಡಿಸಿ ಒಳಗ ಹಾಕಲಿಲ್ಲೇನ್ರಿ?”

“ಕೆಲವರನ್ನ ಹಾಕ್ಯಾರ. ಆದ್ರ ತಮ್ಮಾ, ‘ನಾ ಬರದದ್ದು ಸಿಂಹರಿ’ ಅಂತ ಅವ ಕೈ ಮುಗದು ನಿಂತ್ರ, ‘ಅಲ್ಲಲೇ, ಅದು ನಾನ’ ಅಂತ ಯಾವ ದೊರಿ ಬಂದು ಹೇಳ್ಯಾನು?”

ಆ ಮಧ್ಯಾಹ್ನ ಒಂದೇ ಕಿಟಕಿಗೆ ಎರಡು ಸಲ ಹಸಿರು ಹಚ್ಚಿದೆನಂತೆ. ಸಾವಕಾರರ ಲೆಕ್ಕದವ ಬೈದ. ನನಗೆ ಕೇಳಿಸಲಿಲ್ಲ. ನಮ್ಮ ಹುಲಿ, ಕರಡಿ ಸೋಗುಗಳನ್ನು ನಾನು ಇಷ್ಟು ದಿನ ಬರೀ ಕುಣಿತ ಎಂದುಕೊಂಡಿದ್ದೆ. ಬಾಯಿಬಿಟ್ಟರೆ ಬೆನ್ನಿಗೆ ಬೀಳುವ ಮಾತನ್ನು ಒಂದು ಪ್ರಾಣಿಯ ಚರ್ಮದೊಳಗಿಟ್ಟರೆ ಅದು ಬಜಾರದಲ್ಲಿ ನಡೆದುಹೋಗುತ್ತದೆ ಎಂದು ಕಡಲಾಚೆಯವರಿಗೂ ಗೊತ್ತಿತ್ತು. ಅವರೂ ಯಾರಿಗೋ ಎತ್ತು ಬಿಚ್ಚಿಕೊಟ್ಟು ನಿಂತವರೇ ಇರಬೇಕು. ಮೊಹರಮ್ಮಿಗೆಂದು ಕೆಲಸ ಅರ್ಧಕ್ಕೆ ನಿಲ್ಲಿಸಿ ಮಸ್ಕಿಗೆ ಹೊರಟಾಗ ನನ್ನ ತಲೆಯಲ್ಲಿ ಒಂದು ನರಿ ಹುಟ್ಟಿಯಾಗಿತ್ತು.

ನಮ್ಮ ಓಣಿಯ ಪಿಂಜಾರ ನನ್ನ ಜೀವದ ಗೆಳೆಯ. ಹತ್ತಿ ಹಿಂಜಿ ಹಿಂಜಿ ಅವನ ತೋಳುಗಳು ಹುಲಿಯವೇ ಆಗಿದ್ದವು. ಹೆಂಡತಿಯ ಹೆರಿಗೆ ಸುಸೂತ್ರವಾದಾಗಿನಿಂದ ಪ್ರತಿ ವರ್ಷ ಅವನದು ಹುಲಿಯ ಹರಕೆ. ನನ್ನ ಯೋಜನೆ ಹೇಳಿದೆ. ಹುಲಿ ಎಂದರೆ ಸರ್ಕಾರ. ಅದು ಮಲಗಿರಬೇಕು. ನಾನು ನರಿ. ಗಿರ್ದಾವರನಂತೆ ಕೆಂಪು ರೂಮಿ ಟೋಪಿ, ಕರಿ ಶೇರವಾನಿ. ಮಲಗಿದ ಹುಲಿಯ ಬಾಲ ದಾಟಿ ನಾನು ಎತ್ತು ಹೊಡೆದುಕೊಂಡು ಹೋಗಬೇಕು. ಗಿರ್ದಾವರನದೇ ಮಾತಿನಲ್ಲಿ “ಸಬೂರ್ ಇರ್ಲಿ, ನಾಳೆ ಬಾ” ಎನ್ನಬೇಕು.

“ಲೇ, ಹರಕಿ ಹುಲಿ ಕುಣೀತೈತಿ, ಮಲಗಂಗಿಲ್ಲ,” ಅಂದ ಪಿಂಜಾರ. “ಮಲಗಿದ್ರ ದೇವ್ರು ಸಿಟ್ಟಾಗ್ತಾನ.”

“ಕುಣದು ದಣದು ಮಲಗು.”

“ಹಾಂ, ಹಂಗಾದ್ರ ಸೈ. ನಿದ್ದಿಗೆ ಪೀರಲ ದೇವ್ರೂ ಬ್ಯಾಡ ಅನ್ನಂಗಿಲ್ಲ. ಆದ್ರ ಗಿರ್ದಾವರ ನಿನ್ನ ತೊಗಲು ಸುಲದ್ರ?”

“ಯಾರ ತೊಗಲು? ನರಿದು. ‘ಅದು ನಾನ’ ಅಂತ ಅಂವ ಹ್ಯಾಂಗ ಅಂದಾನು?”

“ಅಬಾಬಾ! ಲಿಂಗಸುಗೂರಿಗೆ ಹೋಗಿ ವಕೀಲ ಆಗಿ ಬಂದಾನ್ರೆಪಾ ನಮ್ಮ ಬಣ್ಣಗಾರ!”

ಮೊಹರಮ್ಮಿನ ಪೀರಲ ದೇವರು ಹೊಳೆಗೆ ಹೋಗುವ ಕಡೆಯ ದಿನ, ಸೂರ್ಯ ಮೂಡುವ ಹೊತ್ತಿಗೆ ಸೋಗುಗಳು ಹೊರಬಂದವು. ದೇವರ ಮುಂದೆ ಬೆಂಕಿ ಹಾಕುವ ಅಲಾಯಿ ಕುಣಿಯಲ್ಲಿ ಕೆಂಡ ಬೂದಿಗಟ್ಟಿತ್ತು. ಊರಿಗೆ ಊರೇ ಕುಣಿಯ ಸುತ್ತ ನೆರೆದಿತ್ತು. ಚಾವಡಿಯ ಕಟ್ಟೆಯ ಮೇಲೆ ಕುರ್ಚಿಯಲ್ಲಿ ಗಿರ್ದಾವರ. ಹಲಗೆ ವಾದ್ಯದ ಬಡಿತಕ್ಕೆ ಪಿಂಜಾರನ ಹುಲಿ ಕುಣಿಯಿತು, ಧೂಳೆಬ್ಬಿಸಿತು, ದಣಿದು ಕಟ್ಟೆಯ ಮುಂದೆಯೇ ಬಿದ್ದು ಗೊರಕೆ ಹೊಡೆಯತೊಡಗಿತು. ಜನ ನಕ್ಕರು. ಆಗ ನಾನು ಬಂದೆ. ಮುಖಕ್ಕೆ ಕಾವಿ, ಮೂಗಿನ ತುದಿಗೆ ಮಸಿ, ತಲೆಗೆ ಬಣ್ಣ ಹಚ್ಚಿದ ರಟ್ಟಿನ ಟೋಪಿ, ಮೈಗೆ ಕರಿ ಕಂಬಳಿಯ ಶೇರವಾನಿ. ಕೈಯಲ್ಲಿ ಬಿಳಿಯನ ಹಗ್ಗ. ಅದರ ಕೊರಳಿಗೆ ನೊಗ ಕಟ್ಟಿದ್ದೆ. ನೊಗದ ಎಡಭಾಗ ಖಾಲಿಯಾಗಿ ನೆಲಕ್ಕೆ ಜೋತಿತ್ತು. ಹುಲಿಯ ಬಾಲ ದಾಟಿದೆ. ಗಂಟಲು ಸರಿಮಾಡಿಕೊಂಡು “ಸಬೂರ್” ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಒಬ್ಬ ಮುದುಕಿ ಜನರನ್ನು ಸರಿಸಿಕೊಂಡು ಓಡಿಬಂದು, ನನ್ನ ಕೆನ್ನೆ ಸವರಿ ಲಟಲಟ ನೆಟಿಗೆ ಮುರಿದಳು. ನೋಡಿದರೆ ನಮ್ಮವ್ವ!

“ಬೆಳಗ ಮುಂಜಾನೆ ನರಿ ಮಾರಿ ನೋಡಿದ್ವೆವ್ವಾ! ಎಲ್ಲಾರೂ ಬರ್ರೆವ್ವಾ, ನೋಡ್ರಿ! ಈ ಸಲ ಮಳಿ ತಪ್ಪಂಗಿಲ್ಲ!”

ಆಮೇಲೆ ತಡೆಯುವವರಿಲ್ಲ. ಹೆಂಗಸರು ಕೂಸುಗಳನ್ನು ಎತ್ತಿ ನನ್ನ ಮುಖ ತೋರಿಸಿದರು. ಬಿತ್ತನೆಗೆ ಕಾದಿದ್ದ ರೈತರು ಟವೆಲು ತೆಗೆದು ಕೈ ಮುಗಿದರು. ಬೆಳಿಗ್ಗೆ ನರಿಯ ಮುಖ ಕಂಡರೆ ಅದೃಷ್ಟ ಎಂದು ಹುಟ್ಟಿದಾಗಿನಿಂದ ಕೇಳಿದವನು ನಾನು. ಛಾವಣಿಯ ಗೋಡೆಯ ನರಿ ನನ್ನ ಕಣ್ಣಿಗೆ ಎಂಥ ಪರದೆ ಹಾಕಿತ್ತೆಂದರೆ, ನಮ್ಮೂರ ನರಿಯೇ ಮರೆತುಹೋಗಿತ್ತು. ಬೈಗುಳವೆಂದು ಹೊತ್ತು ತಂದದ್ದು ಊರಿಗೆಲ್ಲ ಆಶೀರ್ವಾದವಾಗಿ ಕೂತಿತು.

ಇಷ್ಟೇ ಆಗಿದ್ದರೆ ಸಾಕಿತ್ತು. ಗಿರ್ದಾವರ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ.

“ವಾಹ್ ವಾಹ್! ಟೋಪಿ ನೋಡ್ರಿ, ಶೇರವಾನಿ ನೋಡ್ರಿ! ಅಲ್ಲಲೇ, ಇದು ನಾನ! ನನ್ನ ನರಿ ಮಾಡಿದ್ಯಲ್ಲೋ, ಊರಿಗೆ ಶುಭ ತರಾಂವ ನಾನ ಅಂತ! ಬಹುತ್ ಖೂಬ್!”

‘ಅದು ನಾನ’ ಎಂದು ಯಾವ ದೊರೆಯೂ ಹೇಳುವುದಿಲ್ಲ ಎಂದಿದ್ದ ಬಟ್ಲರ್ ಅಜ್ಜ ಅಲ್ಲಿರಬೇಕಾಗಿತ್ತು. ಕಂಬಳಿಯೊಳಗೆ ನಾನು ಬೆವರಿನಲ್ಲಿ ಕರಗುತ್ತಿದ್ದೆ. ಮುಖದ ಕಾವಿ ಕೊರಳಿಗಿಳಿದಿತ್ತು. ನೆಲದ ಮೇಲಿನ ಹುಲಿ ಒಂದು ಕಣ್ಣು ತೆರೆದು ಪಿಸುಗುಟ್ಟಿತು: “ಏನಲೇ ವಕೀಲ, ಏಳ್ಲ್ಯಾ, ಮಲಗ್ಲ್ಯಾ?”

ಆಗ ಬಿಳಿಯ ಕೂಗಿತು.

ಹೊಟ್ಟೆಯಿಂದ ಬಂದ ಕೂಗು. ಹಲಗೆಯವನ ಕೈ ತಪ್ಪಿತು. ಚಾವಡಿಯ ಹಿಂದಿನಿಂದ ಇನ್ನೊಂದು ಕೂಗು ಬಂತು. ಆ ದನಿ ನನಗೆ ಗೊತ್ತು. ಬೆವರಿದ ಕೈಯಿಂದ ಹಗ್ಗ ಜಾರಿತು. ಬಿಳಿಯ ಹುಲಿಯನ್ನು ನೋಡಲಿಲ್ಲ, ನರಿಯನ್ನು ನೋಡಲಿಲ್ಲ, ಗಿರ್ದಾವರನನ್ನಂತೂ ನೋಡಲೇ ಇಲ್ಲ. ಜನ ಸರಿದು ದಾರಿ ಬಿಟ್ಟರು. ನೊಗದ ಖಾಲಿ ತುದಿ ಧೂಳಿನಲ್ಲಿ ಗೆರೆ ಎಳೆಯುತ್ತ ಅದು ಚಾವಡಿಯನ್ನು ಸುತ್ತಿ ಹಿಂದಕ್ಕೆ ಹೋಯಿತು. ಊರು ಅದರ ಬೆನ್ನ ಹಿಂದೆ ಹೋಯಿತು, ಗಿರ್ದಾವರನೂ ಬಂದ. ಕೆಂದ ಗೂಟಕ್ಕೆ ಕಟ್ಟಿತ್ತು. ಬಿಳಿಯ ಅದರ ಮೈ ಮೂಸಿತು. ಆಮೇಲೆ ಒಂದು ಸುತ್ತು ತಿರುಗಿ, ಕೆಂದನ ಬಲಕ್ಕೆ, ತನ್ನ ಜಾಗಕ್ಕೆ ಬಂದು, ತಲೆ ತಗ್ಗಿಸಿ ನಿಂತಿತು. ಕೆಂದ ಖಾಲಿ ನೊಗದ ಕೆಳಗೆ ತಾನೇ ಕೊರಳು ತೂರಿಸಿತು.

ನಾನು ಎಷ್ಟೋ ಹುಲಿ ಬರೆದಿದ್ದೇನೆ, ದೇವರ ತೇಜಸ್ಸು ಕಂಡೆ ಎಂದವರ ಮಾತು ಕೇಳಿದ್ದೇನೆ. ನನ್ನ ಮಟ್ಟಿಗೆ ನಾನು ಕಂಡದ್ದು ಅಂದು ಬೆಳಿಗ್ಗೆ ಚಾವಡಿಯ ಹಿಂದೆ, ಸಗಣಿಯ ನಡುವೆ.

ಯಾರೋ ಅಂದರು: “ಅರೇ, ಅದು ನಮ್ಮ ಬಣ್ಣಗಾರನ ಕೆಂದ ಅಲ್ಲೇನು? ಸಿಂಧನೂರಿಗೆ ಹೋಗೇತಿ ಅಂದಿದ್ರಲ್ಲ?”

ಎಲ್ಲರ ಮುಖ ಗಿರ್ದಾವರನ ಕಡೆ ತಿರುಗಿತು. ಅವನ ನಗೆ ಮುಖದ ಮೇಲೆಯೇ ಇತ್ತು, ಆದರೆ ಬಣ್ಣ ಒಣಗಿದಂತೆ ಬಿರುಕು ಬಿಟ್ಟಿತ್ತು. ಹುಲಿ ಈಗ ಎದ್ದು, ಮೈ ಮುರಿದು, ನಾಲ್ಕು ಕಾಲಲ್ಲಿ ಬಂದು ಅವನ ಮುಂದೆ ಬಾಯಿ ತೆರೆಯಿತು.

“ಸಾಹೇಬ್ರ, ಹುಲಿ ಹಸದೈತ್ರಿ.”

ಗಿರ್ದಾವರ ಜೇಬಿಗೆ ಕೈ ಹಾಕಿದ.

“ಹುಲಿ ರೊಕ್ಕ ತಿನ್ನಂಗಿಲ್ರಿ. ಎತ್ತು ತಿಂತೈತ್ರಿ. ಜೋಡಿ ಬಿಟ್ಟ ಎತ್ತು ಹುಲಿ ಪಾಲು ಅಂತ ಹಿರ್ಯಾರು ಹೇಳ್ಯಾರ್ರಿ.”

ಜನ ಹೋ ಎಂದರು. ಅಲಾಯಿ ದೇವರ ಎದುರು, ಹರಕೆಯ ಹುಲಿಗೆ ಇಲ್ಲ ಎನ್ನಲು ಅವನಿಂದಾಗಲಿಲ್ಲ. ನಗದೆ ಬೇರೆ ದಾರಿಯೂ ಇರಲಿಲ್ಲ. “ತಗೊಂಡ್ ಹೋಗಲೇ ಶೈತಾನ್! ಹುಲಿಗೆ ದಾನ ಕೊಟ್ಟೀನಿ!” ಅಂದ.

ದಾನ! ನನ್ನ ಎತ್ತನ್ನು ಅವನು ದಾನ ಕೊಟ್ಟ! ಬಾಯಿ ತೆರೆದೆ. ಹುಲಿ ನನ್ನ ಪಾದದ ಮೇಲೆ ಪಂಜ ಒತ್ತಿತು.

“ಬಾಯಿ ಮುಚ್ಚಲೇ ನರಿ. ಎತ್ತು ಮನಿಗೆ ನಡದೈತಿ, ಮಾತಿಗ್ಯಾಕ ಬೆನ್ನ ಹತ್ತೀದಿ?”

ಮುಚ್ಚಿದೆ. ಆಮೇಲೆ ಸಾಯುವವರೆಗೂ ಪಿಂಜಾರ ಬಿತ್ತನೆ ಬಂತೆಂದರೆ ನಮ್ಮ ಬಾಗಿಲಿಗೆ ಬಂದು, “ಏನಪಾ, ನನ್ನ ಕೆಂದ ಚೊಲೊ ದುಡೀತೈತಿಲ್ಲ?” ಎಂದು ಕೇಳಿ ಚಹಾ ಕುಡಿದು ಹೋಗುತ್ತಿದ್ದ.

ಕಾರ ಹುಣ್ಣಿಮೆಗೆ ಮಸ್ಕಿ ಹಳ್ಳದ ಮಡುವಿನಲ್ಲಿ ಎರಡನ್ನೂ ತೊಳೆದೆ. ಕೆಂದನ ಹೆಗಲ ಮೇಲೆ ನೊಗ ತಿಂದ ಗಾಯವಿತ್ತು. ಬೇರೆಯವರ ಬಂಡಿಗೆ ಬಲಕ್ಕೆ ಹೂಡಿರಬೇಕು, ಅದು ಒಪ್ಪದೆ ಎಳೆದಾಡಿದೆ. ಎಣ್ಣೆ ಅರಿಶಿನ ಹಚ್ಚಿದೆ. ಕೋಡಿಗೆ, ಮೈಗೆ ಬಣ್ಣ ಹಚ್ಚಿದೆ, ಗಾಯದ ಸುತ್ತ ಬಿಟ್ಟೆ. ಮಳೆಯೂ ಬಂತು. ನರಿಯ ಮುಖ ನೋಡಿದ್ದಕ್ಕೇ ಬಂತು ಎಂದು ಅವ್ವ ಊರೆಲ್ಲ ಹೇಳಿಕೊಂಡು ಬಂದಳು.

ಬಿತ್ತನೆ ಮುಗಿಸಿ, ಉಳಿದ ಬಾಗಿಲುಗಳಿಗೆಂದು ಬಂಡಿ ಹೂಡಿಕೊಂಡು ಛಾವಣಿಗೆ ಹೋದೆ. ನಡೆದದ್ದನ್ನೆಲ್ಲ ಕೇಳಿ ಅಜ್ಜ ಕೆಮ್ಮು ಬರುವ ತನಕ ನಕ್ಕ. ನಾನು ಕೈ ತೊಳೆದುಕೊಂಡು ಮತ್ತೆ ಆ ಚಿತ್ರದ ಮುಂದೆ ನಿಂತೆ. ಮೊದಲ ಸಲ ನಾನು ಸಿಂಹ ನೋಡಿದ್ದೆ, ಹುಂಜ, ಕರಡಿ ನೋಡಿದ್ದೆ. ಆಕಳನ್ನು ನೋಡಿರಲಿಲ್ಲ.

ಅದರ ಒಂದು ಕಿವಿ ಹಿಂದಕ್ಕೆ, ಹಾಲು ಹಿಂಡುವವನ ಕಡೆ ತಿರುಗಿತ್ತು. ಗೊತ್ತಿಲ್ಲದ ಕೈ ಕೆಚ್ಚಲಿಗೆ ಬಿದ್ದಾಗ ಮಾತ್ರ ಆಕಳ ಕಿವಿ ಹಾಗೆ ತಿರುಗುತ್ತದೆ. ಪಕ್ಕೆಯ ಚರ್ಮ ಬಿಗಿದಿತ್ತು. ಹಿಂಗಾಲಿನ ಗೊರಸು ನೆಲದಿಂದ ಒಂದು ಕೂದಲಷ್ಟು ಮೇಲೆದ್ದು, ಅದರ ಕೆಳಗೆ ಒಂದೇ ಒಂದು ಗೆರೆಯ ನೆರಳು ಬಿದ್ದಿತ್ತು.

“ಅಜ್ಜಾರ, ಇಲ್ಲಿ ಬರ್ರಿ. ಇದು ಒದೀತೈತಿ.”

ಅಜ್ಜ ಕನ್ನಡಕ ಏರಿಸಿ ಗಾಜಿಗೆ ಮೂಗು ಹಚ್ಚಿದ. “ಹೌದಲ್ಲೋ! ಇಷ್ಟು ವರ್ಷ ದಿನಾ ಒರಸೀನಿ, ಕಂಡಿದ್ದಿಲ್ಲ. ನಮ್ಮ ದೊರೀನೂ ಇದನ್ನ ಹೇಳಲಿಲ್ಲ.”

ಉಳಿದದ್ದನ್ನೆಲ್ಲ ಯಾರಾದರೂ ಹೇಳಿಕೊಟ್ಟಾರು, ಸಿಂಹ ಎಂದರೆ ಇವನು, ಕರಡಿ ಎಂದರೆ ಅವನು ಎಂದು. ಈ ಕಿವಿಯನ್ನು, ಈ ಗೊರಸನ್ನು ಹೇಳಿಕೊಡಲಾಗುವುದಿಲ್ಲ. ಇದನ್ನು ಕೊರೆದವನು ಕೊಟ್ಟಿಗೆಯಲ್ಲಿ ನಿಂತು ನೋಡಿದವನು. ಅವನ ಹೆಸರು ನನಗೆ ಗೊತ್ತಿಲ್ಲ. ಅವನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಹೊರಗೆ ಬೇವಿನ ನೆರಳಿನಲ್ಲಿ ನನ್ನ ಜೋಡಿ ನಿಂತಿತ್ತು, ಕೆಂದ ಎಡಕ್ಕೆ, ಬಿಳಿಯ ಬಲಕ್ಕೆ. ನಾನು ಹಿಂದಿನಿಂದ ನಡೆದು ಬಂದೆ. ಕೆಂದನ ಒಂದು ಕಿವಿ ಹಿಂದಕ್ಕೆ ಹೊರಳಿ, ನನ್ನ ಹೆಜ್ಜೆಯ ಸಪ್ಪಳ ಕೇಳಿ, ನಿಧಾನವಾಗಿ ಮುಂದಕ್ಕೆ ಬಂತು.